ಹಿಟ್ಟಿನ ಎರೆ

ಹಿಟ್ಟಿನ ಎರೆ ಎಂಬುದು ಗಾಳ ಹಾಕಿ ಸಿಹಿನೀರಿನ ಮೀನು ಹಿಡಿಯುವಾಗ ಕೊಕ್ಕೆಗೆ ಸಿಕ್ಕಿಸಲು ಧಾನ್ಯದ ಹಿಟ್ಟು, ಎಣ್ಣೆಬೀಜದ ಹಿಂಡಿ, ತೌಡು ಮುಂತಾದವುಗಳಿಂದ ಮಾಡಿದ ಮೃದುವಾದ ಉಂಡೆ ಅಥವಾ ಗುಳಿಗೆ. ಎರೆಹುಳು, ಸಣ್ಣ ಮೀನು, ಏಡಿ ಮೊದಲಾದ ಜೀವಿಗಳಿಂದಾದ ಎರೆಗಳಿಗೆ ಇದು ಪರ್ಯಾಯವಾಗಿದೆ. ಇದನ್ನು ಮುಖ್ಯವಾಗಿ ಗೆಂಡೆ ಜಾತಿಯ ಮೀನುಗಳಿಗೆ ಬಳಸಲಾಗುತ್ತದೆ. ಕರ್ನಾಟಕದಲ್ಲಿ ಇದರ ಅತ್ಯಂತ ಪ್ರಸಿದ್ಧ ರೂಪವೆಂದರೆ ಕಾವೇರಿ ನದಿಯಲ್ಲಿ ಮಹಶೀರ್ ಮೀನಿಗೆ ಬಳಸುತ್ತಿದ್ದ ರಾಗಿ ಉಂಡೆ. ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ರಾಯಚೂರು ಜಿಲ್ಲೆಯಂತಹ ಪ್ರದೇಶಗಳಲ್ಲಿ ಜೋಳ, ಗೋಧಿ, ಶೇಂಗಾ ಹಿಂಡಿ ಮತ್ತು ಅಕ್ಕಿ ತೌಡು ಇದಕ್ಕೆ ಸುಲಭವಾಗಿ ದೊರೆಯುವ ಸಾಮಗ್ರಿಗಳಾಗಿವೆ.

ಒಳ್ಳೆಯ ಹಿಟ್ಟಿನ ಎರೆಗೆ ಎರಡು ಗುಣಗಳು ಬೇಕು. ಮೀನು ಬರುವವರೆಗೆ ಅದು ಕೊಕ್ಕೆಯ ಮೇಲೆ ನಿಲ್ಲಬೇಕು. ಅದೇ ವೇಳೆಯಲ್ಲಿ ನೀರಿನಲ್ಲಿ ನಿಧಾನವಾಗಿ ಕರಗುತ್ತಾ ವಾಸನೆ ಮತ್ತು ರುಚಿಯನ್ನು ಹರಡಬೇಕು. ಇವೆರಡೂ ಪರಸ್ಪರ ವಿರುದ್ಧವಾದವು. ಎರೆಯ ತಯಾರಿಕೆಯ ಎಲ್ಲ ಹಂತಗಳೂ ಇವುಗಳ ನಡುವೆ ಸಮತೋಲನ ಸಾಧಿಸುವ ಪ್ರಯತ್ನಗಳೇ ಆಗಿವೆ.

ಇತಿಹಾಸ

ಗಾಳದ ಮೀನುಗಾರಿಕೆಯ ಕುರಿತು ಭಾರತದಲ್ಲಿ ದೊರೆತಿರುವ ವಿವರವಾದ ಹಳೆಯ ಬರಹಗಳಲ್ಲಿ ಒಂದು ಕನ್ನಡ ನಾಡಿನಲ್ಲಿಯೇ ರಚಿತವಾದುದು. ಕಲ್ಯಾಣದ (ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ) ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ ಎಂಬ ಗ್ರಂಥದಲ್ಲಿ ‘ಮತ್ಸ್ಯವಿನೋದ’ ಎಂಬ ಭಾಗವಿದೆ. ಈ ಗ್ರಂಥಕ್ಕೆ ‘ಅಭಿಲಷಿತಾರ್ಥ ಚಿಂತಾಮಣಿ’ ಎಂಬ ಹೆಸರೂ ಇದೆ. ಮತ್ಸ್ಯವಿನೋದದಲ್ಲಿ ಸಮುದ್ರದ ಹಾಗೂ ನದಿಯ ಮೀನುಗಳ ಬಗೆಗಳು, ಅವುಗಳಿಗೆ ಕೊಡಬೇಕಾದ ಆಹಾರ ಮತ್ತು ಗಾಳ ಹಾಕುವ ವಿಧಾನಗಳ ವಿವರಣೆಯಿದೆ. ಮೀನು ವಿಜ್ಞಾನಿ ಸುಂದರ್‌ಲಾಲ್ ಹೋರಾ ಅವರು 20ನೆಯ ಶತಮಾನದ ಮಧ್ಯಭಾಗದಲ್ಲಿ ಈ ಭಾಗವನ್ನು ವಿಜ್ಞಾನದ ದೃಷ್ಟಿಯಿಂದ ಪರಿಶೀಲಿಸಿ ಲೇಖನ ಪ್ರಕಟಿಸಿದರು.

ಯುರೋಪಿನಲ್ಲಿ ಐಸಾಕ್ ವಾಲ್ಟನ್‌ನ ‘ದಿ ಕಂಪ್ಲೀಟ್ ಆಂಗ್ಲರ್’ (1653) ಗೆಂಡೆ ಮೀನಿಗೆ ಜೇನುತುಪ್ಪ ಅಥವಾ ಸಕ್ಕರೆ ಬೆರೆಸಿದ ಸಿಹಿ ಕಣಕದ ಎರೆಯನ್ನು ಹೇಳುತ್ತದೆ. ದಕ್ಷಿಣ ಕನ್ನಡದಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ಹೆನ್ರಿ ಸಲಿವನ್ ಥಾಮಸ್ ಬರೆದ ‘ದಿ ರಾಡ್ ಇನ್ ಇಂಡಿಯಾ’ ಎಂಬ ಪುಸ್ತಕ 1873ರಲ್ಲಿ ಪ್ರಕಟವಾಯಿತು. ಭಾರತದ ನದಿಗಳಲ್ಲಿ, ವಿಶೇಷವಾಗಿ ಮಹಶೀರ್ ಮೀನಿಗೆ, ಗಾಳ ಹಾಕುವವರಿಗೆ ಇದು ಬಹುಕಾಲ ಕೈಪಿಡಿಯಾಗಿತ್ತು.

ಇಂಗ್ಲೆಂಡಿನಲ್ಲಿ ಸಾಲ್ಮನ್ ಮತ್ತು ಟ್ರೌಟ್ ಹೊರತುಪಡಿಸಿ ಉಳಿದ ಸಿಹಿನೀರಿನ ಮೀನುಗಳನ್ನು ಹಿಡಿಯುವುದಕ್ಕೆ ‘ಕೋರ್ಸ್ ಫಿಶಿಂಗ್’ ಎಂಬ ಹೆಸರಿದೆ. ಅಲ್ಲಿ 1970ರ ದಶಕದಿಂದೀಚೆಗೆ ಮೊಟ್ಟೆ ಮತ್ತು ಹಿಟ್ಟನ್ನು ಕಲಸಿ ಕುದಿಸಿದ ‘ಬಾಯ್ಲಿ’ ಎಂಬ ಉಂಡೆಗಳೂ, ಅನಂತರ ಸಾಕಣೆ ಮೀನಿನ ಆಹಾರದಿಂದ ಬಂದ ಗುಳಿಗೆಗಳೂ ಎರೆಯಾಗಿ ಪ್ರಚಾರ ಪಡೆದವು. ಕುದಿಸಿ ಗಟ್ಟಿ ಮಾಡುವ ತತ್ವದಲ್ಲಿ ಬಾಯ್ಲಿಗೂ ಕಾವೇರಿಯ ರಾಗಿ ಉಂಡೆಗೂ ಹೋಲಿಕೆಯಿದೆ.

ಮೀನಿನ ಆಹಾರಕ್ರಮ ಮತ್ತು ಎರೆ

ಗೆಂಡೆ ಜಾತಿಯ ಮೀನುಗಳಿಗೆ ದವಡೆಯಲ್ಲಿ ಹಲ್ಲುಗಳಿರುವುದಿಲ್ಲ; ಆಹಾರವನ್ನು ಅರೆಯುವ ಹಲ್ಲುಗಳು ಗಂಟಲಿನಲ್ಲಿರುತ್ತವೆ. ಇವು ಆಹಾರವನ್ನು ನೀರಿನೊಡನೆ ಬಾಯಿಯೊಳಗೆ ಹೀರಿಕೊಂಡು, ರುಚಿ ನೋಡಿ, ಒಲ್ಲದ್ದನ್ನು ಕ್ಷಣಮಾತ್ರದಲ್ಲಿ ಹೊರಗೆ ಊದಿಬಿಡುತ್ತವೆ. ಗಟ್ಟಿಯಾದ ಅಥವಾ ಲೋಹ ತಗಲುವ ಎರೆಯನ್ನು ಮೀನು ಬಿಡುವುದು ಹೀಗೆ. ಮೃದುವಾದ ಎರೆ ಬಾಯಿಯಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ಅಲ್ಲದೆ ದಾರವನ್ನು ಎಳೆದಾಗ ಕೊಕ್ಕೆಯ ಮೊನೆ ಉಂಡೆಯನ್ನು ಸೀಳಿಕೊಂಡು ಹೊರಬಂದು ತುಟಿಗೆ ನಾಟಲು ಸಾಧ್ಯವಾಗುತ್ತದೆ.

ಅನೇಕ ಗೆಂಡೆಗಳ ಬಾಯಿಯ ಬಳಿ ಮೀಸೆಗಳಿದ್ದು, ಅವುಗಳಲ್ಲಿಯೂ ತುಟಿಗಳಲ್ಲಿಯೂ ರುಚಿಮೊಗ್ಗುಗಳಿರುತ್ತವೆ. ಕದಡಿದ ನೀರಿನಲ್ಲಿ ಕಣ್ಣಿಗಿಂತ ವಾಸನೆ ಮತ್ತು ರುಚಿಯೇ ಇವುಗಳಿಗೆ ದಾರಿ ತೋರುತ್ತವೆ. ನೀರಿನಲ್ಲಿ ಕರಗುವ ಅಮೈನೋ ಆಮ್ಲಗಳನ್ನು ಮೀನುಗಳು ದೂರದಿಂದಲೇ ಗುರುತಿಸುತ್ತವೆ. ಸಸಾರಜನಕ ಹೆಚ್ಚಿರುವ ಶೇಂಗಾ ಹಿಂಡಿ, ಕಡಲೆ ಹಿಟ್ಟು ಮತ್ತು ಮೀನಿನ ಪುಡಿ ಎರೆಯಲ್ಲಿ ಉಪಯುಕ್ತವಾಗಲು ಇದು ಒಂದು ಕಾರಣ. ಗೆಂಡೆಗಳಿಗೆ ಜಠರವಿಲ್ಲದಿರುವುದರಿಂದ ಅವು ಒಮ್ಮೆಲೇ ಹೊಟ್ಟೆ ತುಂಬ ತಿನ್ನುವುದಕ್ಕಿಂತ ಮತ್ತೆ ಮತ್ತೆ ಸ್ವಲ್ಪ ಸ್ವಲ್ಪ ಮೇಯುತ್ತಿರುತ್ತವೆ.

ಮೀನಿನ ಬಗೆಗೆ ಅನುಗುಣವಾಗಿ ಎರೆಯನ್ನು ಇಡಬೇಕಾದ ಆಳ ಬದಲಾಗುತ್ತದೆ:

- ಕಾಟ್ಲಾ: ಬಾಯಿ ಮೇಲ್ಮುಖವಾಗಿರುವ ಈ ಮೀನು ನೀರಿನ ಮೇಲ್ಪದರದಲ್ಲಿ ಮೇಯುತ್ತದೆ. ಬೇಗ ಬಿಚ್ಚಿಕೊಂಡು ಮೋಡದಂತೆ ಹರಡುವ ಹಗುರ ಎರೆ ಇದಕ್ಕೆ ಸೂಕ್ತ.
- ರೋಹು: ಸಾಮಾನ್ಯವಾಗಿ ನೀರಿನ ಮಧ್ಯದ ಪದರದಲ್ಲಿ ಮೇಯುತ್ತದೆ.
- ಮೃಗಾಲ್ ಮತ್ತು ಸಾಮಾನ್ಯ ಗೆಂಡೆ: ತಳದಲ್ಲಿ ಕೆಸರನ್ನು ಕೆದಕಿ ತಿನ್ನುತ್ತವೆ. ತಳಕ್ಕೆ ಇಳಿದು ನಿಲ್ಲುವ ತೂಕದ ಎರೆ ಬೇಕು.
- ತಿಲಾಪಿಯ: ಸಣ್ಣ ಬಾಯಿಯ ಈ ಮೀನಿಗೆ ಬಟಾಣಿ ಕಾಳಿಗಿಂತ ಚಿಕ್ಕ ಗುಳಿಗೆ ಸಾಕು.

ಕೊರವ ಮೀನು ಹಾಗೂ ದೊಡ್ಡ ಮೀಸೆಮೀನುಗಳು ಮುಖ್ಯವಾಗಿ ಬೇಟೆಯಾಡಿ ಬದುಕುವುದರಿಂದ ಹಿಟ್ಟಿನ ಎರೆಗೆ ಅಷ್ಟಾಗಿ ಬರುವುದಿಲ್ಲ.

ಸಾಮಗ್ರಿಗಳು

ಹಿಟ್ಟುಗಳು

ಗೋಧಿ ಹಿಟ್ಟು ಮತ್ತು ಮೈದಾ ಹಿಟ್ಟಿನಲ್ಲಿ ಗ್ಲುಟೆನ್ ಎಂಬ ಅಂಟಿನ ಅಂಶವಿರುವುದರಿಂದ ತಣ್ಣೀರಿನಲ್ಲಿ ನಾದಿದರೂ ಕಣಕ ಕೂಡಿಕೊಳ್ಳುತ್ತದೆ. ಜೋಳ, ಸಜ್ಜೆ, ರಾಗಿ ಮತ್ತು ಅಕ್ಕಿಯಲ್ಲಿ ಈ ಅಂಶವಿಲ್ಲ. ಇವುಗಳ ಹಿಟ್ಟು ಕುದಿಯುವ ನೀರು ತಾಗಿದಾಗ ಮಾತ್ರ, ಅದರಲ್ಲಿನ ಪಿಷ್ಟ ಬೆಂದು, ಜಿಗುಟಾಗುತ್ತದೆ. ಉತ್ತರ ಕರ್ನಾಟಕದಲ್ಲಿ ಜೋಳದ ರೊಟ್ಟಿಗೆ ಎಸರಿಟ್ಟು ಹಿಟ್ಟು ನಾದುವುದು ಇದೇ ಕಾರಣಕ್ಕಾಗಿ. ಜೋಳದ ಎರೆಗೂ ಈ ಕ್ರಮವೇ ಅನ್ವಯಿಸುತ್ತದೆ. ತಣ್ಣೀರಿನಲ್ಲಿ ಕಲಸಿದ ಜೋಳದ ಹಿಟ್ಟು ನೀರಿಗೆ ಬಿದ್ದ ಕೂಡಲೇ ಉದುರಿಹೋಗುತ್ತದೆ.

ಹಿಂಡಿ ಮತ್ತು ತೌಡು

ಗಾಣ ಅಥವಾ ಎಣ್ಣೆ ಗಿರಣಿಯಲ್ಲಿ ಉಳಿಯುವ ಶೇಂಗಾ ಹಿಂಡಿ, ಎಳ್ಳಿನ ಹಿಂಡಿ ಮತ್ತು ಅಕ್ಕಿ ಗಿರಣಿಯ ತೌಡು ಎರೆಗೆ ವಾಸನೆಯನ್ನೂ ಬಿರುಸನ್ನೂ ಕೊಡುತ್ತವೆ. ಇವು ಕಣಕದ ಹಿಡಿತವನ್ನು ಸಡಿಲಗೊಳಿಸುವುದರಿಂದ ಎರೆ ಬೇಗ ಕರಗುತ್ತದೆ. ತೌಡಿನಲ್ಲಿ ಎಣ್ಣೆಯ ಅಂಶವಿರುವುದರಿಂದ ಅದು ಕೆಲವೇ ದಿನಗಳಲ್ಲಿ ಕಮಟು ಹಿಡಿಯುತ್ತದೆ. ಬೂಷ್ಟು ಹಿಡಿದ ಶೇಂಗಾ ಹಿಂಡಿಯಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಉಂಟಾಗಬಹುದು. ಅದು ಮೀನಿಗೂ ಮನುಷ್ಯನಿಗೂ ಹಾನಿಕರವಾದುದರಿಂದ ಅಂತಹ ಹಿಂಡಿಯನ್ನು ಎರೆಗೆ ಬಳಸಬಾರದು.

ವಾಸನೆ ಮತ್ತು ರುಚಿ

ಬೆಲ್ಲ, ಬಡೇಸೋಪು, ಇಂಗು, ಬೆಳ್ಳುಳ್ಳಿ, ಏಲಕ್ಕಿ, ವೆನಿಲಾ ಸಾರ ಮುಂತಾದವನ್ನು ಸೇರಿಸುವ ರೂಢಿಯಿದೆ. ಗಾಳಗಾರರು ತಮ್ಮ ಮಿಶ್ರಣವನ್ನು ಗುಟ್ಟಾಗಿ ಇಟ್ಟುಕೊಳ್ಳುವುದು ಸಾಮಾನ್ಯ. ಪರಿಮಳ ಅತಿಯಾದರೆ ಮೀನು ದೂರ ಸರಿಯಬಹುದಾದ್ದರಿಂದ ಇವುಗಳನ್ನು ಚಿಟಿಕೆಯ ಪ್ರಮಾಣದಲ್ಲಿ ಬಳಸಲಾಗುತ್ತದೆ.

ತಯಾರಿಕೆ

ಕೆರೆ ಅಥವಾ ಕಾಲುವೆಯ ನಿಧಾನ ನೀರಿಗೆ ಹೊಂದುವ ಸಾಧಾರಣ ಎರೆಯನ್ನು ಹೀಗೆ ತಯಾರಿಸಬಹುದು:

1. ಎರಡು ಪಾಲು ಗೋಧಿ ಅಥವಾ ಜೋಳದ ಹಿಟ್ಟು, ಒಂದು ಪಾಲು ನುಣ್ಣಗೆ ಕುಟ್ಟಿ ಜರಡಿ ಹಿಡಿದ ಶೇಂಗಾ ಹಿಂಡಿ, ಅರ್ಧ ಪಾಲು ಅಕ್ಕಿ ತೌಡನ್ನು ಒಣಗಿದ್ದಾಗಲೇ ಬೆರೆಸಬೇಕು. ಹಿಂಡಿಯ ದಪ್ಪ ಚೂರುಗಳು ಉಳಿದರೆ ಉಂಡೆ ಆ ಜಾಗದಲ್ಲಿ ಒಡೆಯುತ್ತದೆ.
2. ಸ್ವಲ್ಪ ಬೆಲ್ಲವನ್ನು ನೀರಿನಲ್ಲಿ ಕರಗಿಸಿ ಸೋಸಿಕೊಳ್ಳಬೇಕು. ಜೋಳದ ಹಿಟ್ಟಾದರೆ ಈ ನೀರನ್ನು ಕುದಿಸಬೇಕು.
3. ನೀರನ್ನು ಒಮ್ಮೆಲೇ ಸುರಿಯದೆ ಸ್ವಲ್ಪ ಸ್ವಲ್ಪವಾಗಿ ಸೇರಿಸುತ್ತಾ ನಾದಬೇಕು. ಕೈಗೆ ಅಂಟದ, ಒತ್ತಿದರೆ ಬಿರುಕು ಬಿಡದ ಹದ ಬರಬೇಕು.
4. ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಡಬೇಕು. ಹಿಟ್ಟಿನ ಕಣಗಳು ನೀರು ಹೀರಿಕೊಂಡ ಮೇಲೆ ಹದ ಬದಲಾಗುವುದರಿಂದ ಮತ್ತೊಮ್ಮೆ ನಾದಿ ಸರಿಪಡಿಸಬೇಕು.
5. ಚಿಕ್ಕ ಉಂಡೆಯೊಂದನ್ನು ಗಾಜಿನ ಲೋಟದ ನೀರಿನಲ್ಲಿ ಹಾಕಿ ಪರೀಕ್ಷಿಸಬೇಕು. ಬಿದ್ದ ಕೂಡಲೇ ಒಡೆದರೆ ಹಿಟ್ಟು ಹೆಚ್ಚಿಸಬೇಕು. ಕಾಲು ಗಂಟೆ ಕಳೆದರೂ ಮೇಲ್ಮೈ ಸ್ವಲ್ಪವೂ ಬಿಚ್ಚಿಕೊಳ್ಳದಿದ್ದರೆ ಹಿಂಡಿ ಅಥವಾ ತೌಡನ್ನು ಹೆಚ್ಚಿಸಬೇಕು.

ಹರಿಯುವ ನೀರಿನಲ್ಲಿ ಎರೆ ಬೇಗ ಸವೆಯುವುದರಿಂದ ಹೆಚ್ಚು ಗಟ್ಟಿ ಕಣಕ ಬೇಕಾಗುತ್ತದೆ. ಉಂಡೆಯನ್ನು ಕೆಲವು ನಿಮಿಷ ಕುದಿಸಿದರೆ ಅದರ ಸುತ್ತ ತೆಳು ಪೊರೆ ಕಟ್ಟಿಕೊಳ್ಳುತ್ತದೆ. ಇಂತಹ ಎರೆ ಹೆಚ್ಚು ಹೊತ್ತು ನಿಲ್ಲುತ್ತದೆ ಮತ್ತು ಸಣ್ಣ ಮೀನುಗಳ ಕಚ್ಚಾಟವನ್ನು ತಡೆಯುತ್ತದೆ. ಬಿಸಿಲಿನಲ್ಲಿ ಕಣಕ ಬೇಗ ಒಣಗಿ ಹುಳಿಯಾಗುವುದರಿಂದ ರಾಯಚೂರಿನ ಬೇಸಿಗೆಯಲ್ಲಿ ಆಯಾ ದಿನಕ್ಕೆ ಬೇಕಾದಷ್ಟನ್ನೇ ಮಾಡಿಕೊಂಡು ಒದ್ದೆ ಬಟ್ಟೆಯಲ್ಲಿ ಇಡುವುದು ಯೋಗ್ಯ.

ಮೃದು ಗುಳಿಗೆಗಳು

ಮೀನು ಸಾಕಣೆಗಾಗಿ ಕಾರ್ಖಾನೆಗಳಲ್ಲಿ ತಯಾರಾಗುವ ಗುಳಿಗೆ ಆಹಾರವನ್ನೂ ಎರೆಯಾಗಿ ಬಳಸಬಹುದು. ಒಣ ಗುಳಿಗೆ ಕೊಕ್ಕೆಗೆ ಚುಚ್ಚಿದರೆ ಒಡೆಯುತ್ತದೆ. ಆದ್ದರಿಂದ ಅದನ್ನು ಮೊದಲು ಮೃದುಗೊಳಿಸಬೇಕು. ಗುಳಿಗೆಗಳಲ್ಲಿ ಎರಡು ಮುಖ್ಯ ಬಗೆಗಳಿವೆ.

ಮುಳುಗುವ ಗುಳಿಗೆಗಳನ್ನು ಪುಡಿಯನ್ನು ಒತ್ತಿ ತಯಾರಿಸಲಾಗುತ್ತದೆ. ಇವುಗಳ ಮೇಲೆ ನೀರು ಹಾಕಿ, ಒಂದೆರಡು ನಿಮಿಷಗಳ ನಂತರ ಬಸಿದು, ಮುಚ್ಚಿಟ್ಟರೆ ಉಳಿದ ತೇವವನ್ನು ಹೀರಿಕೊಂಡು ಮೆತ್ತಗಾಗುತ್ತವೆ. ಹೆಚ್ಚು ಹೊತ್ತು ನೀರಿನಲ್ಲಿಯೇ ಬಿಟ್ಟರೆ ಅಂಬಲಿಯಂತಾಗುತ್ತವೆ. ಅಂತಹವನ್ನು ಹಿಸುಕಿ, ಸ್ವಲ್ಪ ಹಿಟ್ಟು ಸೇರಿಸಿ, ಕಣಕವಾಗಿ ಬಳಸಬಹುದು.

ತೇಲುವ ಗುಳಿಗೆಗಳನ್ನು ಯಂತ್ರದಲ್ಲಿ ಶಾಖ ಮತ್ತು ಒತ್ತಡದಿಂದ ಉಬ್ಬಿಸಿರುತ್ತಾರೆ. ಒಳಗಿರುವ ಗಾಳಿಯ ಗುಳ್ಳೆಗಳೇ ಅವು ತೇಲಲು ಕಾರಣ. ಇಂಗ್ಲೆಂಡಿನಲ್ಲಿ ಎರೆಗಾಗಿಯೇ ಮಾರಾಟವಾಗುವ ಉಬ್ಬುವ ಗುಳಿಗೆಗಳನ್ನು ನೀರಿನೊಡನೆ ಕೈಪಂಪಿನಲ್ಲಿ ಹಾಕಿ ಗಾಳಿಯನ್ನು ಹೊರಗೆಳೆಯುತ್ತಾರೆ. ಒಳಗಿನ ಒತ್ತಡ ಕಡಿಮೆಯಾದಾಗ ಗುಳ್ಳೆಗಳು ಹೊರಬರುತ್ತವೆ. ಪಂಪನ್ನು ಸಡಿಲಿಸಿದಾಗ ಆ ಜಾಗಕ್ಕೆ ನೀರು ತುಂಬುತ್ತದೆ. ಆಗ ಗುಳಿಗೆ ಆಕಾರ ಕೆಡದೆ ಸ್ಪಂಜಿನಂತೆ ಮೆತ್ತಗಾಗಿ ಮುಳುಗುತ್ತದೆ. ಸೂಜಿಯಿಲ್ಲದ ದೊಡ್ಡ ಸಿರಿಂಜಿನಿಂದಲೂ ಇದನ್ನು ಮಾಡಬಹುದು: ಗುಳಿಗೆ ಮತ್ತು ನೀರನ್ನು ತುಂಬಿ, ತುದಿಯನ್ನು ಬೆರಳಿನಿಂದ ಮುಚ್ಚಿ, ಹಿಡಿಯನ್ನು ಕೆಲವು ಬಾರಿ ಹಿಂದಕ್ಕೆ ಎಳೆದು ಬಿಡಬೇಕು.

ಬಳಸುವ ವಿಧಾನ

ಎರೆ ಕೊಕ್ಕೆಯನ್ನು ಮುಚ್ಚುವಷ್ಟಿರಬೇಕು. ಕಣಕ ಗಟ್ಟಿಯಾಗಿದ್ದರೆ ಕೊಕ್ಕೆಯ ಮೊನೆಯನ್ನು ಸ್ವಲ್ಪ ಹೊರಗೆ ಬಿಡಲಾಗುತ್ತದೆ. ಉಂಡೆಯನ್ನು ಪೇರುಹಣ್ಣಿನ ಆಕಾರದಲ್ಲಿ ಒತ್ತಿ, ಕಿರಿದಾದ ತುದಿ ದಾರದ ಕಡೆಗಿರುವಂತೆ ಕೂಡಿಸಿದರೆ ಎಸೆಯುವಾಗ ಕಳಚಿಕೊಳ್ಳುವುದು ಕಡಿಮೆ. ಮೃದು ಎರೆಯನ್ನು ಕೋಲಿನಿಂದ ಜೋರಾಗಿ ಬೀಸಿ ಎಸೆಯಬಾರದು. ತೂಗಿ ಮೆಲ್ಲಗೆ ಇಳಿಬಿಡಬೇಕು.

ನಿಂತ ನೀರಿನಲ್ಲಿ ದಾರಕ್ಕೆ ಬೆಂಡು ಕಟ್ಟಿ, ಬೆಂಡಿನಿಂದ ಕೊಕ್ಕೆಯವರೆಗಿನ ಉದ್ದವನ್ನು ಬದಲಿಸಿ ಬೇಕಾದ ಆಳವನ್ನು ಹೊಂದಿಸಲಾಗುತ್ತದೆ. ಹರಿವಿನಲ್ಲಿ ಎರೆ ತಳದಲ್ಲಿ ನಿಲ್ಲಲು ಸೀಸದ ಗುಂಡನ್ನು ಬಳಸುತ್ತಾರೆ. ಗೆಂಡೆ ಮೀನು ಎರೆಯನ್ನು ಹೀರಿ ಉಗುಳುತ್ತಾ ಪರೀಕ್ಷಿಸುವಾಗ ಬೆಂಡು ಕೇವಲ ಕಂಪಿಸುತ್ತದೆ. ಬೆಂಡು ಓರೆಯಾಗಿ ಸರಿದಾಗ ಅಥವಾ ಮುಳುಗಿದಾಗ ಎಳೆಯುವುದು ಕ್ರಮ.

ಗಾಳ ಹಾಕುವ ಮೊದಲು ಮೀನನ್ನು ಒಂದೆಡೆ ಸೇರಿಸಲು ಸ್ವಲ್ಪ ಮೇವನ್ನು ಎರಚುವ ರೂಢಿ ಹಲವೆಡೆ ಇದೆ. ಬಂಗಾಳದಲ್ಲಿ ಇದಕ್ಕೆ ‘ಚಾರ್’ ಎನ್ನುತ್ತಾರೆ. ಮೇವಿನ ಉದ್ದೇಶ ಮೀನಿನ ಹಸಿವೆಯನ್ನು ಕೆರಳಿಸುವುದೇ ಹೊರತು ತಣಿಸುವುದಲ್ಲ. ಆದ್ದರಿಂದ ಸಡಿಲವಾಗಿ ಕಲಸಿದ, ನೀರಿನಲ್ಲಿ ಪುಡಿಯಾಗುವ ತೌಡು ಮತ್ತು ಹಿಂಡಿಯ ಒಂದೆರಡು ಉಂಡೆಗಳು ಸಾಕಾಗುತ್ತವೆ.

ಕಾವೇರಿಯ ರಾಗಿ ಉಂಡೆ

ಶಿವನಸಮುದ್ರ ಮತ್ತು ಮೇಕೆದಾಟು ನಡುವಿನ ಕಾವೇರಿ ಕಣಿವೆಯಲ್ಲಿ ಭೀಮೇಶ್ವರಿ, ದೊಡ್ಡಮಾಕಳಿ ಮತ್ತು ಗಾಲಿಬೋರೆ ಶಿಬಿರಗಳು 20ನೆಯ ಶತಮಾನದ ಕೊನೆಯ ದಶಕಗಳಲ್ಲಿ ಮಹಶೀರ್ ಗಾಳಕ್ಕೆ ಜಗತ್ಪ್ರಸಿದ್ಧವಾಗಿದ್ದವು. ಇಲ್ಲಿ ರಾಗಿ ಹಿಟ್ಟನ್ನು ಕಲಸಿ ದೊಡ್ಡ ಉಂಡೆಗಳಾಗಿ ಮಾಡಿ, ನೀರಿನಲ್ಲಿ ಕುದಿಸಿ, ಬಿಸಿಯಿರುವಾಗಲೇ ಮತ್ತೆ ನಾದಿ ಎರೆ ತಯಾರಿಸುತ್ತಿದ್ದರು. ನಿಂಬೆಹಣ್ಣಿನಿಂದ ಸಣ್ಣ ಕಿತ್ತಳೆಯವರೆಗಿನ ಗಾತ್ರದ ಈ ಉಂಡೆ ರಭಸದ ನೀರಿನಲ್ಲಿಯೂ ಕೊಕ್ಕೆಯನ್ನು ಬಿಡುತ್ತಿರಲಿಲ್ಲ. ಸ್ಥಳೀಯ ಸಹಾಯಕರು ಎರೆ ಮಾಡುವುದರಲ್ಲಿ ಮತ್ತು ಮೀನಿನ ಮಡುಗಳನ್ನು ಗುರುತಿಸುವುದರಲ್ಲಿ ನಿಪುಣರಾಗಿದ್ದರು. ಹಿಡಿದ ಮೀನನ್ನು ತೂಗಿ ಜೀವಂತವಾಗಿ ನದಿಗೆ ಬಿಡುವುದು ಈ ಶಿಬಿರಗಳ ನಿಯಮವಾಗಿತ್ತು.

ಕಾವೇರಿ ಕೊಳ್ಳದ ಮಹಶೀರ್ ಬಹಳ ದೊಡ್ಡದಾಗಿ ಬೆಳೆಯುವ ಮೀನು. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಕುಟುಂಬದವರೊಬ್ಬರು ಕಬಿನಿ ನದಿಯಲ್ಲಿ ಹಿಡಿದ ಮೀನು 120 ಪೌಂಡ್ (ಸುಮಾರು 54 ಕಿಲೋಗ್ರಾಂ) ತೂಗಿತ್ತು. ದಿಬ್ಬಬೆನ್ನಿನ ಈ ಮಹಶೀರ್ ವೈಜ್ಞಾನಿಕವಾಗಿ ‘ಟಾರ್ ರೆಮಾದೇವಿ’ ಪ್ರಭೇದವೆಂದು 2018ರಲ್ಲಿ ಖಚಿತವಾಯಿತು. ಅದೇ ವರ್ಷ ಅದನ್ನು ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಅಳಿವಿನಂಚಿನ ತೀವ್ರ ಅಪಾಯದಲ್ಲಿರುವ ಪ್ರಭೇದವೆಂದು ಸೇರಿಸಲಾಯಿತು. ವೈಜ್ಞಾನಿಕ ಹೆಸರು ಖಚಿತವಾಗುವ ಮೊದಲೇ ಈ ಮೀನು ವಿರಳವಾಗಿತ್ತು. ಶಿಬಿರಗಳಲ್ಲಿ ಮೀನಿನ ತೂಕ ಮತ್ತು ಸಂಖ್ಯೆಯನ್ನು ಬರೆದಿಟ್ಟಿದ್ದ ದಾಖಲೆಗಳು ಇಳಿಮುಖವನ್ನು ಅರಿಯಲು ಸಂಶೋಧಕರಿಗೆ ನೆರವಾದವು.

ಕಾವೇರಿ ವನ್ಯಜೀವಿಧಾಮದ ವ್ಯಾಪ್ತಿಯಲ್ಲಿದ್ದ ಈ ಶಿಬಿರಗಳಲ್ಲಿ ಗಾಳ ಹಾಕುವುದನ್ನು 2010ರ ನಂತರದ ವರ್ಷಗಳಲ್ಲಿ ನಿಲ್ಲಿಸಲಾಯಿತು. 1972ರ ವನ್ಯಜೀವಿ (ಸಂರಕ್ಷಣಾ) ಕಾಯ್ದೆಯು ‘ಬೇಟೆ’ ಎಂಬ ಪದವನ್ನು ವ್ಯಾಖ್ಯಾನಿಸುವಾಗ ಪ್ರಾಣಿಯನ್ನು ಹಿಡಿಯುವುದರ ಜೊತೆಗೆ ಎರೆ ಒಡ್ಡುವುದನ್ನೂ ಸೇರಿಸುತ್ತದೆ. ಈ ನಿಲುಗಡೆಯ ಬಗ್ಗೆ ಎರಡು ಅಭಿಪ್ರಾಯಗಳಿವೆ. ಸಂರಕ್ಷಿತ ಪ್ರದೇಶದಲ್ಲಿ ಮೋಜಿಗಾಗಿ ಮೀನನ್ನು ದಣಿಸುವುದು ಸರಿಯಲ್ಲವೆಂಬುದು ಒಂದು. ಗಾಳಗಾರರ ಇರುವಿಕೆಯಿಂದ ಸಿಡಿಮದ್ದು ಹಾಕಿ ಮೀನು ಕೊಲ್ಲುವವರ ಮೇಲೆ ನಿಗಾ ಇರುತ್ತಿತ್ತು, ಸ್ಥಳೀಯರಿಗೆ ಆದಾಯವೂ ಇತ್ತು ಎಂಬುದು ಇನ್ನೊಂದು.

ರಾಯಚೂರು ಪ್ರದೇಶದಲ್ಲಿ

ರಾಯಚೂರು ಜಿಲ್ಲೆಯ ಉತ್ತರಕ್ಕೆ ಕೃಷ್ಣೆಯೂ ದಕ್ಷಿಣಕ್ಕೆ ತುಂಗಭದ್ರೆಯೂ ಹರಿಯುತ್ತವೆ. ದೇವದುರ್ಗ ತಾಲೂಕು ಕೃಷ್ಣೆಯ ದಂಡೆಯಲ್ಲಿದ್ದು ನಾರಾಯಣಪುರ ಬಲದಂಡೆ ಕಾಲುವೆಯ ನೀರನ್ನು ಪಡೆಯುತ್ತದೆ. ಮಾನ್ವಿ ಭಾಗಕ್ಕೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬರುತ್ತದೆ. ತುಂಗಭದ್ರೆಗೆ ಅಡ್ಡಲಾಗಿರುವ ರಾಜೋಳಿಬಂಡಾ ಅಣೆಕಟ್ಟೂ ಈ ಭಾಗದಲ್ಲಿದೆ. ರಾಯಚೂರು ನಗರದ ಸಮೀಪದ ಚಂದ್ರಬಂಡದಂತಹ ಒಣ ಪ್ರದೇಶದ ಊರುಗಳಲ್ಲಿ ಗಾಳಕ್ಕೆ ಮಳೆನೀರಿನ ಕೆರೆಕುಂಟೆಗಳೇ ಆಧಾರ. ಒಂದೇ ಜಿಲ್ಲೆಯೊಳಗಿನ ಈ ಮೂರು ಬಗೆಯ ನೀರಿಗೆ, ಅಂದರೆ ನದಿಯ ಹರಿವು, ಕಾಲುವೆಯ ನಿಧಾನ ಸೆಳೆತ ಮತ್ತು ಕೆರೆಯ ನಿಂತ ನೀರಿಗೆ, ಎರೆಯ ಹದವನ್ನು ಬೇರೆ ಬೇರೆಯಾಗಿ ಹೊಂದಿಸಬೇಕಾಗುತ್ತದೆ.

ಈ ಜಲಮೂಲಗಳಲ್ಲಿರುವ ಕಾಟ್ಲಾ, ರೋಹು ಮತ್ತು ಮೃಗಾಲ್ ಮೂಲತಃ ಉತ್ತರ ಭಾರತದ ನದಿಗಳ ಮೀನುಗಳು. ಮೀನುಮರಿಗಳ ಬಿತ್ತನೆಯ ಮೂಲಕ ಇಲ್ಲಿ ನೆಲೆಸಿವೆ. ಸಾಕಣೆಯ ಕೆರೆಗಳಲ್ಲಿ ಹಿಂಡಿ ಮತ್ತು ತೌಡನ್ನೇ ಮೇವಾಗಿ ಕೊಡುವುದರಿಂದ ಅಲ್ಲಿನ ಮೀನುಗಳು ಅದೇ ವಾಸನೆಯ ಎರೆಗೆ ಬೇಗ ಬರುತ್ತವೆ.

ಪರಿಸರದ ಮೇಲಿನ ಪರಿಣಾಮ

ಮೀನು ತಿನ್ನದೆ ಉಳಿದ ಎರೆ ಮತ್ತು ಮೇವು ತಳದಲ್ಲಿ ಕೊಳೆಯುತ್ತವೆ. ಕೊಳೆಯುವಿಕೆಗೆ ನೀರಿನಲ್ಲಿ ಕರಗಿರುವ ಆಮ್ಲಜನಕ ಖರ್ಚಾಗುತ್ತದೆ. ಬಿಸಿ ನೀರಿನಲ್ಲಿ ಆಮ್ಲಜನಕ ಕರಗುವ ಪ್ರಮಾಣವೇ ಕಡಿಮೆ. ಜೊತೆಗೆ ರಾತ್ರಿ ಪಾಚಿ ಮತ್ತು ಜಲಸಸ್ಯಗಳು ಆಮ್ಲಜನಕವನ್ನು ಉತ್ಪಾದಿಸದೆ ಬಳಸಿಕೊಳ್ಳುವುದರಿಂದ ಬೆಳಗಿನ ಜಾವದಲ್ಲಿ ಅದು ಅತ್ಯಂತ ಕಡಿಮೆಯಾಗಿರುತ್ತದೆ. ಬೇಸಿಗೆಯಲ್ಲಿ ಬತ್ತಿದ ಚಿಕ್ಕ ಕೆರೆಗೆ ಬುಟ್ಟಿಗಟ್ಟಲೆ ಮೇವು ಸುರಿದರೆ ಅಲ್ಲಿನ ಮೀನುಗಳೆಲ್ಲ ಸಾಯುವ ಅಪಾಯವಿದೆ. ಬೆಳಗಿನ ಹೊತ್ತು ಮೀನುಗಳು ಮೇಲ್ಮೈಗೆ ಬಂದು ಬಾಯಿ ತೆರೆದು ಉಸಿರಾಡುವುದು ಆಮ್ಲಜನಕದ ಕೊರತೆಯ ಲಕ್ಷಣ. ಇದನ್ನು ಹಸಿವೆಯೆಂದು ತಿಳಿದು ಮೇವು ಹಾಕಬಾರದು.

ಎರೆಗೆ ಮತ್ತು ಬರಿಸುವ ಅಥವಾ ವಿಷಕಾರಿ ವಸ್ತುಗಳನ್ನು ಸೇರಿಸುವುದು ಮೀನುಗಾರಿಕೆಯಲ್ಲ. ಅದು ಗಾಳಕ್ಕೆ ಬಾರದ ಮರಿಗಳನ್ನೂ, ಅದೇ ನೀರು ಕುಡಿಯುವ ದನಕರುಗಳನ್ನೂ ಅಪಾಯಕ್ಕೆ ಒಡ್ಡುತ್ತದೆ. ಮನುಷ್ಯರು ಹಾಕುವ ಆಹಾರಕ್ಕೆ ಒಗ್ಗಿದ ಮೀನುಗಳು ಸುಲಭವಾಗಿ ಬಲಿಯಾಗುತ್ತವೆ. ಭಕ್ತರ ಕೈಯಿಂದ ಆಹಾರ ಪಡೆಯುವ ದಕ್ಷಿಣ ಕನ್ನಡ ಜಿಲ್ಲೆಯ ಶಿಶಿಲದ ದೇವರ ಮೀನುಗಳು 1996ರಲ್ಲಿ ವಿಷಪ್ರಾಶನಕ್ಕೆ ಗುರಿಯಾಗಿ ಅಪಾರ ಸಂಖ್ಯೆಯಲ್ಲಿ ಸತ್ತವು.

ಕಾನೂನು ಮತ್ತು ಸುರಕ್ಷತೆ

ಕರ್ನಾಟಕದ ಒಳನಾಡು ಜಲಮೂಲಗಳಲ್ಲಿನ ಮೀನುಗಾರಿಕೆಯನ್ನು 1996ರ ಕರ್ನಾಟಕ ಒಳನಾಡು ಮೀನುಗಾರಿಕೆ (ಸಂರಕ್ಷಣೆ, ಅಭಿವೃದ್ಧಿ ಮತ್ತು ವಿನಿಯಮನ) ಅಧಿನಿಯಮವು ನಿಯಂತ್ರಿಸುತ್ತದೆ. ಅನೇಕ ಕೆರೆಗಳ ಮೀನಿನ ಹಕ್ಕನ್ನು ಮೀನುಗಾರರ ಸಹಕಾರ ಸಂಘಗಳಿಗೆ ಅಥವಾ ಗುತ್ತಿಗೆದಾರರಿಗೆ ನೀಡಲಾಗಿರುತ್ತದೆ. ಅಂತಹ ಕೆರೆಯ ಮೀನು ಇನ್ನೊಬ್ಬರ ಜೀವನೋಪಾಯವಾಗಿರುವುದರಿಂದ ಗಾಳ ಹಾಕುವ ಮೊದಲು ಅನುಮತಿ ಪಡೆಯಬೇಕು. ವನ್ಯಜೀವಿಧಾಮಗಳಲ್ಲಿ ಮತ್ತು ಶೃಂಗೇರಿ, ಶಿಶಿಲದಂತಹ ಸಂರಕ್ಷಿತ ಮತ್ಸ್ಯತೀರ್ಥಗಳಲ್ಲಿ ಗಾಳ ಹಾಕುವಂತಿಲ್ಲ.

ರಾಯಚೂರು ಜಿಲ್ಲೆಯ ಕೃಷ್ಣಾ ನದಿಯಲ್ಲಿ ಮೊಸಳೆಗಳಿವೆ. ಎರೆ ಮತ್ತು ಹಿಡಿದ ಮೀನು ಇರುವ ದಂಡೆಗೆ ಅವು ಬರುವ ಸಾಧ್ಯತೆಯಿರುವುದರಿಂದ ನೀರಿನಲ್ಲಿ ನಿಂತು ಗಾಳ ಹಾಕುವುದು, ಕೊಕ್ಕೆ ಬಿಡಿಸಲು ಆಳಕ್ಕೆ ಇಳಿಯುವುದು ಮತ್ತು ಮುಸ್ಸಂಜೆಯ ನಂತರ ದಂಡೆಯಂಚಿನಲ್ಲಿ ಕೂರುವುದು ಅಪಾಯಕರ. ಜಲಾಶಯಗಳಿಂದ ನೀರು ಬಿಟ್ಟಾಗ ನದಿಯ ಮಟ್ಟ ಹಠಾತ್ತನೆ ಏರುತ್ತದೆ. ನಡುಗಡ್ಡೆಯ ಬಂಡೆಗಳ ಮೇಲೆ ಕುಳಿತವರು ಸಿಲುಕಿಕೊಳ್ಳಬಹುದು. ತುಂಡಾದ ನೈಲಾನ್ ದಾರ ಮತ್ತು ಕೊಕ್ಕೆಗಳನ್ನು ದಂಡೆಯಲ್ಲಿ ಬಿಟ್ಟರೆ ಹಕ್ಕಿಗಳ ಕಾಲಿಗೆ, ಆಮೆಗಳಿಗೆ ಹಾಗೂ ಮೇಯುವ ಜಾನುವಾರುಗಳಿಗೆ ಸಿಕ್ಕಿಕೊಳ್ಳುವುದರಿಂದ ಅವನ್ನು ಹಿಂದಕ್ಕೆ ತರಬೇಕು. ಉಳಿದ ಕಣಕವನ್ನು ನೀರಿಗೆ ಎಸೆಯದೆ ಮನೆಗೆ ಒಯ್ದು, ಹುಳಿಯಾಗದಿದ್ದರೆ ದನಕರುಗಳಿಗೆ ಕೊಡಬಹುದು. ಇಲ್ಲವೇ ತಿಪ್ಪೆಗೆ ಹಾಕಬಹುದು.